ಮನೆ ಪೋರ್ಟಿಕೋದಲ್ಲಿ ಕಾರ್ ಕೆಲಸ: ಎಂಸಿಬಿ ಯಾಕೆ ಬೀಳುತ್ತೆ, ಮೀಟರ್ ಎಷ್ಟು ಓಡುತ್ತೆ?

ಹಿನಕಲ್ ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಮೂರು ಪ್ರಶ್ನೆ ಇದೆ, ಮೂರೂ ಒಂದಕ್ಕೊಂದು ಅಂಟಿಕೊಂಡಿರೋದ್ರಿಂದ ಒಟ್ಟಿಗೇ ಕೇಳ್ತಿದ್ದೀನಿ.

ಪೋರ್ಟಿಕೋದಲ್ಲಿ ಒಂದು 16 ಆಂಪ್ ಸಾಕೆಟ್. ವೈರ್ 2.5 ಎಂಎಂ, ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್) ಬಿ-16. ಸೆಕೆಂಡ್ ಹ್ಯಾಂಡ್ 2 ಎಚ್‌ಪಿ ಕಂಪ್ರೆಸರ್ ನೇರ ಸಾಕೆಟ್‌ಗೆ ಹಾಕಿದ್ರೆ ಎಂಸಿಬಿ ಟಪ್ ಅಂತ ಬೀಳುತ್ತೆ. ಅದನ್ನೇ 30 ಮೀಟರ್ ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಹಾಕಿದ್ರೆ ಎಂಸಿಬಿ ಬೀಳಲ್ಲ, ಆದ್ರೆ ಮೋಟರ್ ಗುಂಯ್ ಅಂತ ತಿರುಗದೆ ಕೂತುಬಿಡುತ್ತೆ. ಇದು ಹೇಗೆ?

ಎರಡನೇದು, ಗೃಹಜ್ಯೋತಿಯಲ್ಲಿ ನಮ್ಮ ಮಿತಿ 132 ಯೂನಿಟ್. ತಿಂಗಳಿಗೆ 125ರ ಹತ್ತಿರ ಬರುತ್ತೆ. ಕಾರ್ ವಾಷರ್, ಚಾರ್ಜರ್, ಕಂಪ್ರೆಸರ್ ಎಲ್ಲ ಶುರುವಾದ್ರೆ ಮಿತಿ ದಾಟುತ್ತಾ?

ಮೂರನೇದು, ಕಾರು ಮಾರುತಿ ಪೆಟ್ರೋಲ್, ಬ್ಯಾಟರಿ 35 ಎಎಚ್ (ಆಂಪ್ ಅವರ್), ವಯಸ್ಸು ಒಂದೂವರೆ ವರ್ಷ. ಎರಡು ವಾರ ನಿಲ್ಲಿಸಿದ್ರೆ ಸ್ಟಾರ್ಟ್ ಆಗಲ್ಲ.

ಮಂಡ್ಯ ಮಲ್ಟಿಮೀಟರ್

ಸಾರ್, ಮೊದಲನೇ ಪ್ರಶ್ನೆ ಬಲೇ ಚೆನ್ನಾಗೈತೆ. ಎರಡೂ ಸ್ಟಾರ್ಟಿಂಗ್ ಕರೆಂಟಿಂದ ಬಂದಿರೋ ತೊಂದ್ರೆನೇ.

2 ಎಚ್‌ಪಿ ಅಂದ್ರೆ ಒಂದೂವರೆ ಕಿಲೋವ್ಯಾಟ್, ಅದು ಶಾಫ್ಟ್‌ಗೆ ಬರೋ ಲೆಕ್ಕ. ಗೋಡೆಯಿಂದ ಎಳೆಯೋದು ಹೆಚ್ಚೂ ಕಮ್ಮಿ 2 ಕಿಲೋವ್ಯಾಟ್, ಓಡ್ತಾ ಇರುವಾಗ 9ರಿಂದ 9.5 ಆಂಪ್. ಆದ್ರೆ ನಿಂತಿರೋ ಮೋಟರ್ ಎದ್ದು ತಿರುಗೋ ಮೊದಲನೇ ಅರ್ಧ ಸೆಕೆಂಡಲ್ಲಿ ಅದರ ಐದಾರು ಪಟ್ಟು, ಅಂದ್ರೆ 45-55 ಆಂಪ್ ಕುಡೀತದೆ. ಬಿ ಕರ್ವ್ ಎಂಸಿಬಿ ತನ್ನ ನಂಬರ್‌ನ 3ರಿಂದ 5 ಪಟ್ಟಿಗೆ ತಕ್ಷಣ ಬೀಳ್ತದೆ. 16ಕ್ಕೆ 48ರಿಂದ 80 ಆಂಪ್. ನಿಮ್ಮ ಮೋಟರು ಅದರ ಹೊಸ್ತಿಲ ಮೇಲೇ ಕಾಲಿಡ್ತಾ ಐತೆ, ಅದ್ಕೇ ಬೀಳೋದು. ಎಂಸಿಬಿ ಕೆಟ್ಟಿಲ್ಲ.

ಇನ್ನು ಎಕ್ಸ್‌ಟೆನ್ಶನ್. ಅಂಗಡೀಲಿ ಸಿಗೋ ಸುರುಳಿ ಬಾಕ್ಸ್‌ಗಳಲ್ಲಿ ವೈರ್ ಬಹುತೇಕ 0.75 ಎಂಎಂ. 30 ಮೀಟರ್ ಅಂದ್ರೆ ಹೋಗಿ ಬರೋಕೆ 60 ಮೀಟರ್ ತಾಮ್ರ, ತಡೆ ಸುಮಾರು 1.5 ಓಂ. ಮೋಟರ್ ಏಳುವಾಗ ಆ ತಡೆ ಕರೆಂಟನ್ನ 38 ಆಂಪ್‌ಗೆ ಇಳಿಸ್ತದೆ, ಅದ್ಕೆ ಎಂಸಿಬಿ ಸುಮ್ನಿರ್ತದೆ. ಆದ್ರೆ 56 ವೋಲ್ಟ್ ವೈರಲ್ಲೇ ಕಳೆದೋಗಿ ಮೋಟರಿಗೆ ಉಳಿಯೋದು 174. ತಿರುಗಿಸೋ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂಗೆ ಬೀಳ್ತದೆ, 174ಕ್ಕೆ ನೂರಕ್ಕೆ 57ರಷ್ಟೇ ಸಿಗೋದು. ಪಿಸ್ಟನ್ ದಬ್ಬೋಕಾಗ್ದೆ ಗುಂಯ್ ಅಂತದೆ. ಹಂಗೇ ಹತ್ತು ಸೆಕೆಂಡ್ ಬುಟ್ರೆ ವೈಂಡಿಂಗ್ ಸುಟ್ಟ ವಾಸನೆ ಬತ್ತದೆ. ತಕ್ಷಣ ಆಫ್ ಮಾಡಿ.

ನಮ್ಮ ಜಿಲ್ಲೆ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸುವಾಗ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಕಳಿಸಿದ್ದೂ ಇದೇ ಕಾರಣಕ್ಕೆ. ವೋಲ್ಟೇಜ್ ಏರಿಸಿದ್ರೆ ಆಂಪ್ ಇಳೀತದೆ, ದಾರೀಲಿ ಕಳೆಯೋದೂ ಇಳೀತದೆ. ಮನೇಲಿ ವೋಲ್ಟ್ ಏರಿಸೋಕಾಗಲ್ಲ, ವೈರ್ ದಪ್ಪ ಮಾಡ್ಬೇಕು ಇಲ್ಲಾ ದೂರ ಕಮ್ಮಿ ಮಾಡ್ಬೇಕು.

ಏನ್ ಮಾಡ್ಬೇಕು ಅಂದ್ರೆ:

ಕಂಪ್ರೆಸರನ್ನ ಸಾಕೆಟ್ ಪಕ್ಕಕ್ಕೇ ಇಡಿ. ವೈರ್ ಉದ್ದ ಮಾಡ್ಬೇಡಿ, ಗಾಳಿ ಪೈಪ್ ಉದ್ದ ಮಾಡಿ. 8 ಎಂಎಂ ಪೈಪ್ 15 ಮೀಟರ್ ಎಳೆದ್ರೂ ಟೈರ್ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ.

ಎಂಸಿಬಿಯನ್ನ ಸಿ-16ಕ್ಕೆ ಬದಲಾಯಿಸಿ. ಸಿ ಕರ್ವ್ 5ರಿಂದ 10 ಪಟ್ಟಿಗೆ ಬೀಳೋದು, ಮೋಟರ್ ಎದ್ದೇಳೋಕೆ ಜಾಗ ಕೊಡ್ತದೆ. ಆದ್ರೆ ಶಾರ್ಟ್ ಆದಾಗ ತಕ್ಷಣ ಬೀಳೋಕೆ 160 ಆಂಪ್ ಹರೀಬೇಕು, ಅಂದ್ರೆ ಲೂಪ್ ತಡೆ (ಶಾರ್ಟ್ ಆದ ಕರೆಂಟ್ ಸುತ್ತಿ ಬರೋ ದಾರಿಯ ಒಟ್ಟು ತಡೆ) 1.4 ಓಂಗಿಂತ ಕಮ್ಮಿ ಇರ್ಬೇಕು. ಎಲೆಕ್ಟ್ರೀಶಿಯನ್ ಹತ್ರ ಅಳತೆ ಮಾಡಿಸಿ ಹಾಕ್ಸಿ. 16 ತೆಗೆದು 32 ಹಾಕೋ ಬುದ್ಧಿವಂತಿಕೆ ಬೇಡ. ವೈರ್ ಅದೇ ಇರುವಾಗ ಎಂಸಿಬಿ ದೊಡ್ದು ಮಾಡಿದ್ರೆ ಬೀಳೋದು ನಿಲ್ತದೆ, ವೈರ್ ಗೋಡೆ ಒಳಗೆ ಬೇಯ್ತದೆ.

ಇನ್ನೊಂದು ಕೇಳ್ತೀನಿ. ಪ್ರೆಶರ್ ತುಂಬಿ ಮೋಟರ್ ತಾನಾಗೇ ನಿಂತಾಗ ಸ್ವಿಚ್ ಹತ್ರ "ಪುಸ್ಸ್" ಅಂತ ಒಂದು ಸಣ್ಣ ಶಬ್ದ ಬರ್ತದಾ? ನೋಡಿ ಹೇಳಿ.

ಬನ್ನಿಮಂಟಪ ಪಾನಾ

ಕಂಪ್ರೆಸರ್ ಬೇಕಾ ಅಂತ ಮೊದಲು ಯೋಚನೆ ಮಾಡಿ. ಟೈರ್‌ಗೆ ಗಾಳಿ ಮಾತ್ರ ಆದ್ರೆ ಡಿಕ್ಕಿಯಲ್ಲಿಡೋ 12 ವೋಲ್ಟ್ ಇನ್‌ಫ್ಲೇಟರ್ ಸಾಕು. 25 ಪಿಎಸ್‌ಐ ಇಂದ 33ಕ್ಕೆ ಒಂದು ಟೈರ್‌ಗೆ ಮೂರ್ನಾಲ್ಕು ನಿಮಿಷ. 10-12 ಆಂಪ್ ಎಳೆಯುತ್ತೆ, ಹಾಗಾಗಿ ಎಂಜಿನ್ ಚಾಲೂ ಇಟ್ಟುಕೊಂಡು ಹಾಕಿ. ಎರಡು ಟೈರ್ ಆದಮೇಲೆ ಐದು ನಿಮಿಷ ಆರಲು ಬಿಡಿ.

ವೀಲ್ ನಟ್‌ಗೆ ಏರ್ ಗನ್ ಬೇಕು ಅಂತ ಕಂಪ್ರೆಸರ್ ತಗೋಳ್ಳೋರಿದ್ದಾರೆ. ಮನೆ ಕಂಪ್ರೆಸರ್‌ನ 25-50 ಲೀಟರ್ ಟ್ಯಾಂಕ್ ಐದಾರು ನಟ್‌ಗೆ ಖಾಲಿಯಾಗಿ ಮತ್ತೆ ತುಂಬೋಕೆ ಕಾಯಬೇಕು. ಅದರ ಬದಲು ನಟ್ ಸಡಿಲಿಸೋಕೆ ಎರಡಡಿ ಉದ್ದದ ಬ್ರೇಕರ್ ಬಾರ್, 19 ಎಂಎಂ ಸಾಕೆಟ್ ಪಾನಾ (ಹ್ಯುಂಡೈ ಆದ್ರೆ 21), ಬಿಗಿ ಅಳೆದು ತಿರುಗಿಸೋಕೆ ಒಂದು ಟಾರ್ಕ್ ರೆಂಚ್. ಕರೆಂಟ್ ಬೇಡ, ಸದ್ದೂ ಇಲ್ಲ, ಅಕ್ಕಪಕ್ಕದವರ ಬೈಗುಳವೂ ಇಲ್ಲ.

ಕುವೆಂಪುನಗರ ಕಿಲೋವ್ಯಾಟ್

ಯೂನಿಟ್ ಲೆಕ್ಕ ನಾನು ಹಾಕ್ತೀನಿ. ಇಲ್ಲಿ ಬಹಳ ಜನ ಆಂಪ್‌ಗೂ ಯೂನಿಟ್‌ಗೂ ಗಂಟು ಹಾಕಿಕೊಳ್ತಾರೆ. ಎಂಸಿಬಿ ಬೀಳಿಸೋದು ಆಂಪ್, ಬಿಲ್ ಏರಿಸೋದು ಎಷ್ಟು ಹೊತ್ತು ಓಡಿತು ಅನ್ನೋದು. ಎಂಸಿಬಿ ಬೀಳಿಸುವ ಯಂತ್ರ ಬಿಲ್‌ನಲ್ಲಿ ಕಾಣಿಸೋದೇ ಇಲ್ಲ.

ಪ್ರೆಶರ್ ವಾಷರ್ 1500 ವ್ಯಾಟ್. ಟ್ರಿಗರ್ ಒತ್ತಿರೋ ಹೊತ್ತು ಮಾತ್ರ ಓಡೋದು, ಒಂದು ತೊಳೆತಕ್ಕೆ ಜಾಸ್ತಿ ಅಂದ್ರೆ 20 ನಿಮಿಷ. ಅರ್ಧ ಯೂನಿಟ್. ವಾರಕ್ಕೊಮ್ಮೆ ತೊಳೆದ್ರೆ ತಿಂಗಳಿಗೆ 2.

ಕಂಪ್ರೆಸರ್ 2 ಕಿಲೋವ್ಯಾಟ್, ತಿಂಗಳಲ್ಲಿ ಎಲ್ಲ ಸೇರಿ ಅರ್ಧ ಗಂಟೆ ಓಡಿದ್ರೆ 1 ಯೂನಿಟ್.

ಬ್ಯಾಟರಿ ಚಾರ್ಜ್: 35 ಎಎಚ್ ಅರ್ಧ ಖಾಲಿಯಾಗಿದ್ರೆ ತುಂಬೋದು 17.5 ಎಎಚ್. 14 ವೋಲ್ಟ್‌ನಲ್ಲಿ 245 ವ್ಯಾಟ್ ಅವರ್, ಚಾರ್ಜರ್ ಮತ್ತು ಬ್ಯಾಟರಿಯ ನಷ್ಟ ಸೇರಿಸಿ 0.3 ಯೂನಿಟ್. ಸುಮಾರು ಎರಡು ರೂಪಾಯಿ ಅಷ್ಟೇ.

ಒಳಗೆ ಗುಡಿಸೋಕೆ 1200 ವ್ಯಾಟ್ ವ್ಯಾಕ್ಯೂಮ್, ತಿಂಗಳಿಗೆ ಎರಡು ಸಲ 20 ನಿಮಿಷ: 0.8.

ಒಟ್ಟು 4 ಯೂನಿಟ್ ಸುತ್ತ. 25 ಲೀಟರ್ ಗೀಸರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಒಂದು ಸಲ ಕಾಯಿಸಿದ್ರೆ ಒಂದು ಯೂನಿಟ್. ಅಂದ್ರೆ ನಿಮ್ಮ ತಿಂಗಳ ಕಾರ್ ಕೆಲಸ ನಾಲ್ಕು ಸಲ ಸ್ನಾನದ ನೀರು ಕಾಯಿಸಿದಷ್ಟು.

ಗೃಹಜ್ಯೋತಿ ಲೆಕ್ಕ ಗೊತ್ತಿಲ್ಲದವರಿಗೆ: 2022-23ರ ತಿಂಗಳ ಸರಾಸರಿಯ ಮೇಲೆ ನೂರಕ್ಕೆ 10 ಸೇರಿಸಿ ಮಿತಿ ಕಟ್ಟಿದ್ದಾರೆ. ಹಿನಕಲ್ ಅವರದ್ದು ಸರಾಸರಿ 120 ಇತ್ತು ಅಂತಾಯ್ತು, 132 ಬಂತು. ಮಿತಿ ದಾಟಿದ್ರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. ಆದ್ರೆ ತಿಂಗಳ ಬಳಕೆ 200 ದಾಟಿದ್ರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. 125ರಲ್ಲಿರುವ ನಿಮಗೆ 4 ಯೂನಿಟ್ ಭಯ ಇಲ್ಲ.

ಭಯ ಇರೋದು ಬೇರೆ ಕಡೆ. ಯಾರೂ ಮುಟ್ಟದೆ ಇದ್ದಾಗಲೂ ಮನೆ ಎಷ್ಟು ಎಳೀತಿದೆ ಅಂತ ನೋಡಿದ್ದೀರಾ? ಮೀಟರ್ ಮೇಲೆ ಕೆಂಪು ದೀಪ ಮಿಣುಕುತ್ತಲ್ಲ, ಅದರ ಪಕ್ಕ ಒಂದು ಯೂನಿಟ್‌ಗೆ 1600 ಅಥವಾ 3200 ಅಂತ ಬರೆದಿರುತ್ತೆ. ಫ್ರಿಜ್, ಫ್ಯಾನ್, ಲೈಟ್ ಎಲ್ಲ ಆಫ್ ಮಾಡಿ, ಮೇನ್ ಆನ್ ಇರಲಿ, ಸದಾ ಪ್ಲಗ್‌ನಲ್ಲೇ ಇರೋದನ್ನ ಹಾಗೇ ಬಿಡಿ. ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಅಂತ ಮೊಬೈಲ್ ಗಡಿಯಾರದಲ್ಲಿ ಹಿಡಿಯಿರಿ. 3200 ಮೀಟರ್ ಆದ್ರೆ 1125ನ್ನ ಆ ಸೆಕೆಂಡಿನಿಂದ ಭಾಗಿಸಿ, 1600 ಆದ್ರೆ 2250ನ್ನ. ಬಂದಿದ್ದು ವ್ಯಾಟ್.

ಹಿನಕಲ್ ಹ್ಯಾಚ್‌ಬ್ಯಾಕ್

ಮೇಡಂ, ಈಗಷ್ಟೇ ನೋಡಿದೆ. 3200 ಮೀಟರ್, 31 ಸೆಕೆಂಡಿಗೊಂದು ಮಿಣುಕು.

ಕುವೆಂಪುನಗರ ಕಿಲೋವ್ಯಾಟ್

36 ವ್ಯಾಟ್. ದಿನದ 24 ಗಂಟೆ, ತಿಂಗಳಿಗೆ 26 ಯೂನಿಟ್. ಕಾರ್ ಕೆಲಸಕ್ಕೆ 4 ಯೂನಿಟ್ ಅಂತ ಹೆದರ್ತಿದ್ರಿ, ಆರೂವರೆ ಪಟ್ಟು ಸುಮ್ಮನೆ ಸೋರ್ತಿದೆ.

ಸಾಮಾನ್ಯವಾಗಿ ಸಿಗೋ ಕಳ್ಳರು: ಯುಪಿಎಸ್ ತನ್ನ ಬ್ಯಾಟರಿಗೆ ಸದಾ ಕೊಡೋ ಚಾರ್ಜ್ 10ರಿಂದ 20 ವ್ಯಾಟ್ (ಹಳೇ ಬ್ಯಾಟರಿ ಆದಷ್ಟೂ ಇದು ಹೆಚ್ಚು), ಸಿಸಿಟಿವಿ ಡಬ್ಬಿ ಮತ್ತು ಕ್ಯಾಮೆರಾ, ವೈಫೈ ರೂಟರ್, ಸೆಟ್ ಟಾಪ್ ಬಾಕ್ಸ್. ರಿಮೋಟ್‌ನಲ್ಲಿ ಆಫ್ ಮಾಡಿದ ಸೆಟ್ ಟಾಪ್ ಬಾಕ್ಸ್ ನಿದ್ದೆ ಮಾಡಲ್ಲ, ಕಣ್ಣು ಮುಚ್ಚಿಕೊಂಡಿರುತ್ತೆ ಅಷ್ಟೇ. ಒಂದೊಂದೇ ಪ್ಲಗ್ ಕೀಳುತ್ತಾ ಮಿಣುಕು ನಿಧಾನ ಆಗೋದನ್ನ ನೋಡಿ.

ಮಂಡ್ಯ ಮಲ್ಟಿಮೀಟರ್

ಮೇಡಂ ಹೇಳಿದ್ದೇ ಕಾರಿಗೂ. ನಿಮ್ಮ ಮೂರನೇ ಪ್ರಶ್ನೆಗೆ ಇಲ್ಲೇ ಉತ್ತರ ಐತೆ. ಕಾರು ನಿಂತಾಗ್ಲೂ ಎಷ್ಟು ಎಳೀತದೆ ಅಂತ ಅಳೀಬೇಕು.

ಲೆಕ್ಕ ನೋಡಿ. ಸರಿಯಾಗಿರೋ ಕಾರು 20ರಿಂದ 50 ಮಿಲಿಆಂಪ್ ಎಳೀತದೆ: ಗಡಿಯಾರ, ಇಮೊಬಿಲೈಸರ್ (ಕಳ್ಳತನ ತಡೆಯೋ ಸಾಧನ), ಲಾಕ್ ರಿಸೀವರ್. 25 ಅಂದ್ಕೊಂಡ್ರೆ ದಿನಕ್ಕೆ 0.6 ಎಎಚ್, ಎರಡು ವಾರಕ್ಕೆ 8.4. 35ರ ಬ್ಯಾಟರಿ ತಡ್ಕೊತದೆ. ಅದೇ 80 ಮಿಲಿಆಂಪ್ ಆದ್ರೆ ಎರಡು ವಾರಕ್ಕೆ 27 ಎಎಚ್. ಕಥೆ ಮುಗೀತು.

ಅಳೆಯೋ ಕ್ರಮ. ಬ್ಯಾಟರಿ ಮೊದ್ಲು ತುಂಬ್ಸಿ. ಬಾನೆಟ್ ಎತ್ತಿ, ಅದರ ಲಾಚ್ ಮತ್ತು ಡ್ರೈವರ್ ಬಾಗಿಲಿನ ಲಾಚನ್ನ ಸ್ಕ್ರೂಡ್ರೈವರಲ್ಲಿ ಒತ್ತಿ ಮುಚ್ಚಿದಂಗೆ ಮಾಡಿ, ಇಲ್ದಿದ್ರೆ ಕಾರು "ಬಾಗಿಲು ತೆಗೆದೈತೆ" ಅಂದ್ಕೊಂಡು ಎದ್ದೇ ಇರ್ತದೆ. ಕಾರ್ ಲಾಕ್ ಮಾಡಿ. ಪುಶ್ ಬಟನ್ ಕಾರಾದ್ರೆ ಕೀಯನ್ನ ಮನೆ ಒಳಗೆ ಇಟ್ಟು ಬನ್ನಿ. ಮಲ್ಟಿಮೀಟರಿನ ಕೆಂಪು ವೈರು 10 ಆಂಪ್ ತೂತಿಗೆ. ನೆಗೆಟಿವ್ ಟರ್ಮಿನಲ್‌ಗೂ ಕ್ಲಾಂಪ್‌ಗೂ ಮಧ್ಯೆ ಒಂದು ಜಂಪರ್ ವೈರ್ ಕಚ್ಚಿಸಿ, ಆಮೇಲೆ 10 ಎಂಎಂ ಪಾನಾದಲ್ಲಿ ಕ್ಲಾಂಪ್ ಬಿಚ್ಚಿ, ಅದೇ ಎರಡು ಜಾಗಕ್ಕೆ ಮೀಟರ್ ಕಚ್ಚಿಸಿ. 30 ನಿಮಿಷ ಬುಡಿ. ಕಾರಿನ ಒಳಗಿನ ಕಂಪ್ಯೂಟರ್ ಡಬ್ಬಿಗಳೆಲ್ಲ ಮಲಗಬೇಕು. ಆಮೇಲೆ ಜಂಪರ್ ತೆಗೆದ್ರೆ ಮೀಟರ್ ಮೂಲಕ ಮಾತ್ರ ಹರೀತದೆ, ಆಗ ಕಾಣೋ ನಂಬರೇ ನಿಜ. ಮೀಟರ್ ಸಿಕ್ಕಿಸಿರುವಾಗ ಕೀ ತಿರುಗಿಸಿದ್ರೆ ಅದರ ಫ್ಯೂಸ್ ಟಿಕೆಟ್ ತಗೊಂಡಂಗೆ.

50ಕ್ಕಿಂತ ಜಾಸ್ತಿ ಬಂತಾ, ಫ್ಯೂಸ್ ಕೀಳೋಕೆ ಹೋಗ್ಬೇಡಿ. ಕಿತ್ತು ಹಾಕಿದ್ರೆ ಮಲಗಿದ್ದೆಲ್ಲ ಎದ್ದು ಕೂರ್ತವೆ, ಮತ್ತೆ ಅರ್ಧ ಗಂಟೆ ಕಾಯ್ಬೇಕು. ಫ್ಯೂಸ್ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಇರ್ತವೆ. ಮೀಟರನ್ನ ಮಿಲಿವೋಲ್ಟ್‌ಗೆ ಇಟ್ಟು ಅಲ್ಲಿ ಮುಟ್ಸಿ. ಸೊನ್ನೆ ಅಂದ್ರೆ ಆ ದಾರೀಲಿ ಏನೂ ಹರೀತಿಲ್ಲ. 10 ಆಂಪ್ ಮಿನಿ ಫ್ಯೂಸ್‌ನ ತಡೆ 7-8 ಮಿಲಿಓಂ, ಅದರ ಮೇಲೆ 0.5 ಮಿಲಿವೋಲ್ಟ್ ಕಂಡ್ರೆ ಸುಮಾರು 65 ಮಿಲಿಆಂಪ್ ಹೋಗ್ತಾ ಐತೆ ಅಂತ.

ಬನ್ನಿಮಂಟಪ ಪಾನಾ

ಸಿಕ್ಕಿಬೀಳೋದು ಹತ್ತರಲ್ಲಿ ಆರು ಸಲ ಹೊರಗೆ ಹಾಕಿಸಿದ ಸ್ಟೀರಿಯೋ. ಅದರಲ್ಲಿ ಹಳದಿ ವೈರ್ ನೆನಪಿಗೆ, ಸದಾ ಕರೆಂಟ್ ಇರಬೇಕು. ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ. ಕೆಲಸ ಬೇಗ ಮುಗಿಸೋಕೆ ಎರಡನ್ನೂ ಒಟ್ಟಿಗೆ ಹೆಣೆದು ಟೇಪ್ ಸುತ್ತಿಬಿಡ್ತಾರೆ. ಆಮೇಲೆ ಡ್ಯಾಶ್ ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಆರದ ಡಿಕ್ಕಿ ಲೈಟ್, ಅಂಟಿಕೊಂಡ ರಿಲೇ. ಎಲ್ಲ ಫ್ಯೂಸ್ ಸೊನ್ನೆ ಬಂದೂ ಮೀಟರ್ ನೂರಾರು ಮಿಲಿಆಂಪ್ ತೋರಿಸಿದ್ರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬೋ ಯಂತ್ರ) ಡಯೋಡ್ ಸೋರ್ತಿದೆ. ಅದರ ದಪ್ಪ ವೈರ್ ಬಿಚ್ಚಿ ನೋಡಿ, ನಂಬರ್ ಇಳಿದ್ರೆ ಖಾತ್ರಿ.

ಕಬ್ಬಿನ ಗದ್ದೆ ಪಕ್ಕ ಕಾರು ನಿಲ್ಲಿಸೋರು ಇನ್ನೊಂದು ನೋಡಬೇಕು: ಇಲಿ. ಕಟಾವಾದ ಮೇಲೆ ಗದ್ದೆಯ ಇಲಿಗಳು ಬೆಚ್ಚಗಿರೋ ಎಂಜಿನ್ ಹುಡುಕಿಕೊಂಡು ಬರ್ತವೆ. ವೈರ್ ಸಿಪ್ಪೆ ಕಡಿದು ತಾಮ್ರ ಬಾಡಿಗೆ ತಾಗಿದ್ರೆ ಅದೂ ಸೋರಿಕೆನೇ.

ಪಾಂಡವಪುರ ಡೀಸೆಲ್

ಇಷ್ಟೆಲ್ಲ ಯಾಕೆ ಗುರು? ಮನೇಲಿ ಯುಪಿಎಸ್ ಐತಲ್ಲ. ಅದರ ಬ್ಯಾಟರಿ ವೈರ್ ಬಿಚ್ಚಿ ಕಾರ್ ಬ್ಯಾಟರಿಗೆ ಸಿಕ್ಕಿಸಿದ್ರೆ ರಾತ್ರಿ ಕಳೆಯೋದ್ರೊಳಗೆ ಚಾರ್ಜು. ಬೇರೆ ಚಾರ್ಜರ್‌ಗೆ ದುಡ್ಡು ಯಾಕೆ ಹಾಕೋದು?

ಬನ್ನಿಮಂಟಪ ಪಾನಾ

ಬೇಡಣ್ಣ. ಯುಪಿಎಸ್ ಚಾರ್ಜರ್ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಗೆ ಮಾಡಿದ್ದು, 10ರಿಂದ 15 ಆಂಪ್ ತಳ್ಳುತ್ತೆ. ಕಾರ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗ, 35ಕ್ಕೆ ಮೂರೂವರೆ ಆಂಪ್ ಸಾಕು. ಮೂರ್ನಾಲ್ಕು ಪಟ್ಟು ತಳ್ಳಿದ್ರೆ ನೀರು ಕುದಿಯೋ ಹಾಗೆ ಗುಳ್ಳೆ ಏಳುತ್ತೆ. ಆ ಗುಳ್ಳೆ ಹೈಡ್ರೋಜನ್, ಒಂದು ಕಿಡಿ ಸಾಕು. ರಾತ್ರಿ ಇಟ್ಟು ಮಲಗಿದ್ರೆ ನೋಡೋರೂ ಇರಲ್ಲ. ಮಧ್ಯೆ ಕರೆಂಟ್ ಹೋದ್ರೆ ಇನ್ನೂ ಚಂದ: ಇಡೀ ಮನೆ ಫ್ಯಾನ್, ಲೈಟ್ ಆ 35 ಎಎಚ್ ಮೇಲೆ ಬೀಳುತ್ತೆ. ಕಾರ್ ಬ್ಯಾಟರಿ ಪ್ಲೇಟ್ ತೆಳುವು, ಎರಡು ಸೆಕೆಂಡ್ ನೂರಾರು ಆಂಪ್ ಕೊಡೋಕೆ ಮಾಡಿದ್ದು. ನಾಲ್ಕೈದು ಸಲ ಪೂರ್ತಿ ಖಾಲಿ ಮಾಡಿದ್ರೆ ಬ್ಯಾಟರಿ ಗುಜರಿಗೆ.

ಪಾಂಡವಪುರ ಡೀಸೆಲ್

ಕರೆಂಟ್ ಹೋಗೋ ವಿಷಯ ತಲೆಗೆ ಬರ್ಲಿಲ್ಲ, ಒಪ್ದೆ. ಹಂಗಾದ್ರೆ ಉಲ್ಟಾ ಮಾಡಣ. ಮಳೇಲಿ ದಿನಗಟ್ಲೆ ಕರೆಂಟ್ ಇಲ್ದಾಗ ಕಾರ್ ಸ್ಟಾರ್ಟ್ ಮಾಡಿ, 12 ವೋಲ್ಟ್ ಇನ್ವರ್ಟರ್ ಹಾಕಿ ಮನೆ ನಡೆಸಬೋದಲ್ವಾ?

ಕುವೆಂಪುನಗರ ಕಿಲೋವ್ಯಾಟ್

ನಡೆಸಬಹುದು, ಬೆಲೆ ಕೇಳಿ. ಪೆಟ್ರೋಲ್ ಕಾರು ನಿಂತಲ್ಲೇ ಓಡಿದ್ರೆ ಗಂಟೆಗೆ 0.6ರಿಂದ 0.8 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದ್ರೂ 60-80 ರೂಪಾಯಿ. ಆ ಒಂದು ಗಂಟೆಯಲ್ಲಿ 300 ವ್ಯಾಟ್ ತಗೊಂಡ್ರೆ 0.3 ಯೂನಿಟ್. ಅಂದ್ರೆ ಯೂನಿಟ್‌ಗೆ 200 ರೂಪಾಯಿ ಮೇಲೆ. ಅಷ್ಟು ಕೊಟ್ಟು ಫ್ರಿಜ್ ಓಡಿಸೋ ಬದಲು ಹಾಲು ಮೊಸರು ಮಾಡ್ಕೊಳ್ಳಿ.

ತುರ್ತಿಗೆ ಮೊಬೈಲ್, ರೂಟರ್, ಒಂದೆರಡು ಎಲ್‌ಇಡಿ ಆದ್ರೆ ಸರಿ. ಸಿಗರೇಟ್ ಸಾಕೆಟ್ ಫ್ಯೂಸ್ 10ರಿಂದ 15 ಆಂಪ್, ಅದರಲ್ಲಿ 120-150 ವ್ಯಾಟ್ ಮೇಲೆ ಬರಲ್ಲ. ಮುಚ್ಚಿದ ಶೆಡ್‌ನಲ್ಲಿ ಕಾರು ಓಡಿಸಿ ಇಡಬೇಡಿ, ಹೊಗೆಯಲ್ಲಿನ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ. ಅದಕ್ಕಿಂತ ದೊಡ್ಡ ಎಚ್ಚರಿಕೆ: ಇನ್ವರ್ಟರ್‌ನ ವೈರನ್ನ ಮನೆಯ ಸಾಕೆಟ್‌ಗೆ ಉಲ್ಟಾ ಚುಚ್ಚಬಾರದು. ಮೇನ್ ಆಫ್ ಮಾಡೋದು ಮರೆತ್ರೆ ಕಂಬದ ಮೇಲೆ ಕೆಲಸ ಮಾಡ್ತಿರೋ ಲೈನ್‌ಮನ್‌ಗೆ ಹೊಡೆಯುತ್ತೆ.

ಹಿನಕಲ್ ಹ್ಯಾಚ್‌ಬ್ಯಾಕ್

ಸರಿ, ಚಾರ್ಜರ್ ತಗೋತೀನಿ. ಹಾಕೋ ಕ್ರಮ ಹೇಳಿ.

ಬನ್ನಿಮಂಟಪ ಪಾನಾ

3ರಿಂದ 5 ಆಂಪ್‌ನ, ತುಂಬಿದ ಮೇಲೆ ತಾನೇ ಇಳಿಯೋ ಆಟೋಮ್ಯಾಟಿಕ್ ಚಾರ್ಜರ್ ತಗೊಳ್ಳಿ. ಕೆಂಪು ಕ್ಲಿಪ್ ಮೊದಲು ಪಾಸಿಟಿವ್‌ಗೆ. ಕಪ್ಪು ಕ್ಲಿಪ್ ಬ್ಯಾಟರಿ ನೆಗೆಟಿವ್‌ಗೆ ಬೇಡ, ಎಂಜಿನ್‌ನ ಬೋಳು ಲೋಹಕ್ಕೆ ಅಥವಾ ಬಾಡಿ ಬೋಲ್ಟ್‌ಗೆ. ಕಿಡಿ ಬಂದ್ರೂ ಬ್ಯಾಟರಿಯಿಂದ ದೂರ ಬರಲಿ ಅಂತ ಒಂದು ಕಾರಣ. ಇನ್ನೊಂದು, ಈಗಿನ ಸ್ಟಾರ್ಟ್-ಸ್ಟಾಪ್ ಕಾರುಗಳಲ್ಲಿ ನೆಗೆಟಿವ್ ಮೇಲೆ ಸೆನ್ಸರ್ ಕೂತಿರುತ್ತೆ, ಅದನ್ನ ದಾಟಿಸಿ ಚಾರ್ಜ್ ಮಾಡಿದ್ರೆ ಕಾರಿಗೆ ಬ್ಯಾಟರಿ ತುಂಬಿದ್ದು ಗೊತ್ತೇ ಆಗಲ್ಲ. ಗೋಡೆ ಸ್ವಿಚ್ ಕೊನೆಗೆ ಆನ್. ತೆಗೆಯುವಾಗ ಗೋಡೆ ಸ್ವಿಚ್ ಮೊದಲು.

ಚಾರ್ಜ್ ಆಗಿ ಎರಡು ಮೂರು ಗಂಟೆ ಬಿಟ್ಟು ಅಳೆಯಿರಿ. 12.6 ಮೇಲೆ ಅಂದ್ರೆ ತುಂಬಿದೆ, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮುದುಕ ಆಗಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು.

ಮುಚ್ಚಳ ಇರೋ ಬ್ಯಾಟರಿ ಆದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್ ನೀರು ಬೇಡವೇ ಬೇಡ, ಅದರ ಸುಣ್ಣ ಪ್ಲೇಟ್ ಮೇಲೆ ಕೂರುತ್ತೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಹಿಟ್ಟು ಬಂದಿದ್ರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ.

ಮಂಡ್ಯ ಮಲ್ಟಿಮೀಟರ್

ವಾಷರ್ ಬಗ್ಗೆ ಯಾರೂ ಕೇಳ್ಲಿಲ್ಲ, ನಾನೇ ಹೇಳ್ತೀನಿ. ನೀರು, ಬರಿಗಾಲು, 230 ವೋಲ್ಟ್ ಮೂರೂ ಒಂದೇ ಕಡೆ ಸೇರೋದು ಕಾರ್ ತೊಳೆಯುವಾಗ್ಲೇ. ಆ ಸಾಕೆಟ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಆಫ್ ಆಗೋ ಸ್ವಿಚ್) ಇರ್ಲೇಬೇಕು. ಎಂಸಿಬಿ ವೈರ್ ಕಾಯ್ತದೆ, ಆರ್‌ಸಿಸಿಬಿ ಮನುಷ್ಯನ್ನ ಕಾಯ್ತದೆ. ವಾಷರ್ ಹಾಕಿದ ತಕ್ಷಣ ಆರ್‌ಸಿಸಿಬಿ ಬಿದ್ರೆ "ಸೂಕ್ಷ್ಮ ಜಾಸ್ತಿ" ಅಂತ ತೆಗೆದು ನೇರ ಮಾಡ್ಬೇಡಿ. ಎಲ್ಲೋ ನೀರು ಇಳಿದು ಸೋರ್ತಾ ಐತೆ ಅಂತ ಅದು ಹೇಳ್ತಾ ಇರೋದು. ಟೆಸ್ಟ್ ಬಟನ್ ಮೂರು ತಿಂಗಳಿಗೊಮ್ಮೆ ಒತ್ತಿ ನೋಡಿ.

ಅರ್ತಿಂಗ್ ನೋಡೋದ್ರಲ್ಲಿ ಒಂದು ಮೋಸ ಐತೆ. ಮಲ್ಟಿಮೀಟರಲ್ಲಿ ಫೇಸಿಗೂ ಅರ್ತಿಗೂ 230 ಬಂತು ಅಂತ ಖುಷಿ ಪಡ್ತಾರೆ. ಮೀಟರ್ ಎಳೆಯೋದು ಮೈಕ್ರೋಆಂಪ್, ಬೇಸಿಗೇಲಿ ಒಣಗಿ ಹೋದ ಅರ್ತ್ ಗುಂಡಿಯೂ ಅಷ್ಟು ಕೊಡ್ತದೆ. ಎಲೆಕ್ಟ್ರೀಶಿಯನ್ ಕೈಲಿ 100 ವ್ಯಾಟ್ ಹಳೇ ಬಲ್ಬು ಫೇಸಿಗೂ ಅರ್ತಿಗೂ ಸೇರ್ಸಿ ನೋಡ್ಸಿ. ಆರ್‌ಸಿಸಿಬಿ ಇದ್ರೆ ತಕ್ಷಣ ಬೀಳ್ಬೇಕು, ಅದು ಒಳ್ಳೇದು. ಇಲ್ದಿದ್ರೆ ಬಲ್ಬು ಪೂರ್ತಿ ಉರೀಬೇಕು. ಮಂಕಾಗಿ ಉರಿದ್ರೆ ಅರ್ತ್ ಇದ್ದೂ ಇಲ್ಲ.

ಹಿನಕಲ್ ಹ್ಯಾಚ್‌ಬ್ಯಾಕ್

ಪಾನಾ ಸರ್, ಮುಂದಿನ ವಾರ ಮುಂಭಾಗದ ಚಕ್ರಗಳ ಬ್ರೇಕ್ ಪ್ಯಾಡ್ ಬದಲಾಯಿಸೋ ಯೋಚನೆ. ಪೋರ್ಟಿಕೋಗೆ ಇಂಟರ್‌ಲಾಕ್ ಹಾಕಿದೆ, ಗೇಟ್ ಕಡೆಗೆ ಸ್ವಲ್ಪ ಇಳಿಜಾರು.

ಬನ್ನಿಮಂಟಪ ಪಾನಾ

ಇಳಿಜಾರಲ್ಲಿ ಜ್ಯಾಕ್ ಹಾಕಬೇಡಿ. ಕಾರನ್ನ ಸಮ ಇರೋ ಕಡೆಗೆ ತನ್ನಿ, ಹಿಂದಿನ ಚಕ್ರದ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಇಂಟರ್‌ಲಾಕ್ ಕಲ್ಲು ಒಂದೇ ಜಾಗದಲ್ಲಿ ಭಾರ ಬಿದ್ರೆ ಕೂರುತ್ತೆ, ಜ್ಯಾಕ್ ವಾಲುತ್ತೆ. ಒಂದಡಿ ಅಗಲದ 18 ಎಂಎಂ ಪ್ಲೈವುಡ್ ತುಂಡು ಕೆಳಗೆ ಹಾಕಿ. ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡ್ ಇಡದೆ ಕೈ ಹಾಕಬಾರದು.

ನಟ್‌ಗಳನ್ನ ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ. ಕ್ಲಿಪ್ ಯಾವ ಕಡೆಗೆ ಇತ್ತು ಅಂತ ಮರೆತ್ರೆ ಬಿಚ್ಚದ ಕಡೆ ನೋಡಬಹುದು. ಕ್ಯಾಲಿಪರ್‌ನ (ಪ್ಯಾಡ್‌ಗಳನ್ನ ಡಿಸ್ಕ್‌ಗೆ ಒತ್ತೋ ಭಾಗ) ಕೆಳಗಿನ ಬೋಲ್ಟ್ ಒಂದು ಬಿಚ್ಚಿದ್ರೆ ಬಾಗಿಲಿನ ಹಾಗೆ ಮೇಲಕ್ಕೆ ತಿರುಗುತ್ತೆ. ತಂತಿಯಲ್ಲಿ ಕಟ್ಟಿ ನಿಲ್ಲಿಸಿ, ಬ್ರೇಕ್ ಹೋಸ್ ಮೇಲೆ ಜೋತು ಬೀಳಿಸಬೇಡಿ. ಹಳೇ ಪ್ಯಾಡ್ 3 ಎಂಎಂಗಿಂತ ತೆಳುವಾಗಿದ್ರೆ ಬದಲಾಯಿಸೋ ಕಾಲ ಬಂದಿದೆ. ಡಿಸ್ಕ್‌ನ ಕನಿಷ್ಠ ದಪ್ಪ ಡಿಸ್ಕ್ ಮೇಲೇ ಅಚ್ಚಾಗಿರುತ್ತೆ, ಅದನ್ನೂ ಅಳೆಯಿರಿ.

ಕ್ಯಾಲಿಪರ್‌ನ ಪಿಸ್ಟನ್ ಒಳಗೆ ತಳ್ಳೋ ಮೊದಲು ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ನೋಡಿ. ಯಾರಾದ್ರೂ ಮಧ್ಯೆ ಮೇಲಿನ ಗೆರೆವರೆಗೆ ತುಂಬಿಸಿದ್ರೆ ತಳ್ಳಿದಾಗ ಉಕ್ಕುತ್ತೆ, ಪೇಂಟ್ ತಿನ್ನುತ್ತೆ. ಸಿರಿಂಜ್‌ನಲ್ಲಿ ಸ್ವಲ್ಪ ತೆಗೆಯಿರಿ. ಹಳೇ ಪ್ಯಾಡನ್ನೇ ಪಿಸ್ಟನ್ ಮೇಲಿಟ್ಟು ಸಿ-ಕ್ಲ್ಯಾಂಪ್‌ನಲ್ಲಿ ನಿಧಾನಕ್ಕೆ ತಳ್ಳಿ. ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಎರಡನ್ನೂ ಎಳೆದು ಒರೆಸಿ, ರಬ್ಬರ್‌ಗೆ ಆಗಿ ಬರೋ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಪ್ಯಾಡ್ ಒಂದು ಕಡೆ ಸವೆದು ಇನ್ನೊಂದು ಕಡೆ ಹಾಗೇ ಉಳಿಯೋಕೆ ಕಾರಣ ಬಹುತೇಕ ಈ ಪಿನ್ ಹಿಡಿದುಕೊಂಡಿರೋದು. ಸಾಮಾನ್ಯ ಗ್ರೀಸ್ ಹಚ್ಚಿದ್ರೆ ರಬ್ಬರ್ ಊದಿ ಇನ್ನೂ ಹಿಡಿಯುತ್ತೆ.

ಆ ಕಂಪ್ರೆಸರ್‌ನಲ್ಲಿ ಬ್ರೇಕ್ ಧೂಳು ಊದಬೇಡಿ. ಆ ಧೂಳು ನೇರ ಶ್ವಾಸಕೋಶಕ್ಕೆ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಲ್ಲ ಜೋಡಿಸಿದ ಮೇಲೆ, ಕಾರ್ ಕದಲಿಸೋ ಮುಂಚೆ, ಪೆಡಲ್ ಗಟ್ಟಿಯಾಗೋವರೆಗೆ ಒತ್ತಿ ಒತ್ತಿ ಬಿಡಿ. ಮೊದಲ ನಾಲ್ಕೈದು ಒತ್ತು ತಳಕ್ಕೆ ಹೋಗುತ್ತೆ. ಇದನ್ನ ಮರೆತು ರಿವರ್ಸ್ ತೆಗೆದ್ರೆ ಗೇಟ್ ಸಮೇತ ರಸ್ತೆಗೆ. ನಟ್ ಟಾರ್ಕ್ ಮಾರುತಿಯಲ್ಲಿ ಮಾಡೆಲ್ ಮೇಲೆ 85ರಿಂದ 100 ನ್ಯೂಟನ್ ಮೀಟರ್, ನಿಮ್ಮ ಕೈಪಿಡಿ ನೋಡಿ. ಬೆಳಗ್ಗೆ ರಿಂಗ್ ರೋಡ್ ಖಾಲಿ ಇರುವಾಗ 60ರಿಂದ 20ಕ್ಕೆ ಎಂಟು ಹತ್ತು ಸಲ ಮೆತ್ತಗೆ ಬ್ರೇಕ್ ಹಿಡಿದು ಪ್ಯಾಡ್ ಕೂರಿಸಿ, ಪೂರ್ತಿ ನಿಲ್ಲಿಸಬೇಡಿ.

ಪಾಂಡವಪುರ ಡೀಸೆಲ್

ಇದನ್ನೆಲ್ಲ ಓದ್ತಾ ಎಲೆಕ್ಟ್ರಿಕ್ ಕಾರೇ ತಗೊಳೋದು ವಾಸಿ ಅನ್ನಿಸ್ತಾ ಐತೆ. ಗೃಹಜ್ಯೋತೀಲಿ ಬಿಟ್ಟಿ ಓಡ್ಸಬೋದಾ?

ಕುವೆಂಪುನಗರ ಕಿಲೋವ್ಯಾಟ್

ಆಸೆ ಬಿಡಿ. ಸಣ್ಣ ಎಲೆಕ್ಟ್ರಿಕ್ ಕಾರು ಗೋಡೆಯಿಂದ ಒಂದು ಯೂನಿಟ್‌ಗೆ 7 ಕಿ.ಮೀ. ಅಂದ್ರೆ ತಿಂಗಳಿಗೆ ಸಾವಿರ ಕಿ.ಮೀ.ಗೆ 140 ಯೂನಿಟ್. ಮನೆಯದ್ದು 125 ಸೇರಿದ್ರೆ 265, ಪೂರ್ತಿ ಬಿಲ್ ಕಟ್ಟಬೇಕು. ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ದರದ ವರ್ಗ ಇದೆ, ಬೇರೆ ಮೀಟರ್‌ಗೆ ಸೆಸ್ಕ್ (ನಮ್ಮ ಭಾಗದ ವಿದ್ಯುತ್ ಕಂಪನಿ) ಕಚೇರಿಯಲ್ಲಿ ವಿಚಾರಿಸಿ. ಹಾಗೇ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬಿಲ್‌ನಲ್ಲಿ ನೋಡಿಕೊಳ್ಳಿ. 2 ಇದ್ರೆ ಒಂದು 3.3 ಕಿಲೋವ್ಯಾಟ್ ಚಾರ್ಜರೇ ದಾಟಿಸುತ್ತೆ.

ವಾಷರ್ 20 ನಿಮಿಷ ಓಡೋ ಸಾಕೆಟ್‌ನಲ್ಲಿ ಕಾರು 8 ಗಂಟೆ 15 ಆಂಪ್ ಎಳೆಯುತ್ತೆ. ಸಡಿಲ ಸ್ಕ್ರೂ ಇರೋ ಅಗ್ಗದ ಸಾಕೆಟ್ ಬೆಳಗ್ಗೆ ಕಂದುಬಣ್ಣಕ್ಕೆ ತಿರುಗಿರುತ್ತೆ. ಡಿಬಿಯಿಂದ (ಮನೆಯ ಎಂಸಿಬಿಗಳಿರೋ ಡಬ್ಬಿ) ಬೇರೆಯೇ 4 ಎಂಎಂ ವೈರ್, ಬೇರೆ ಎಂಸಿಬಿ, ಎ ಟೈಪ್ ಆರ್‌ಸಿಸಿಬಿ ಬೇಕು.

ಹಿನಕಲ್ ಹ್ಯಾಚ್‌ಬ್ಯಾಕ್

ಎಲ್ಲ ಪ್ರಶ್ನೆಗೂ ಲೆಕ್ಕ ಸಿಕ್ತು. ಯುಪಿಎಸ್ ಪ್ಲಗ್ ಕಿತ್ತಾಗ ಮಿಣುಕು 31ರಿಂದ 80 ಸೆಕೆಂಡಿಗೆ ಹೋಯ್ತು, ಅಂದ್ರೆ 22 ವ್ಯಾಟ್ ಅದೊಂದೇ. ಕಾರ್ ಮೀಟರ್‌ನಲ್ಲಿ 95 ಮಿಲಿಆಂಪ್, ಸ್ಟೀರಿಯೋ ಫ್ಯೂಸ್ ಮೇಲೆ 0.5 ಮಿಲಿವೋಲ್ಟ್. ಹಳದಿ-ಕೆಂಪು ಬೇರೆ ಮಾಡಿದ ಮೇಲೆ 28.

ಮಂಡ್ಯದ ಅಣ್ಣ ಕೇಳಿದ್ದು: ಕಂಪ್ರೆಸರ್ ತಾನಾಗಿ ನಿಂತಾಗ "ಪುಸ್ಸ್" ಬರಲ್ಲ. ಟ್ಯಾಂಕ್ ಖಾಲಿ ಮಾಡಿ ಹಾಕಿದ್ರೆ ಅದೇ ಬಿ-16ರಲ್ಲೂ ಆರಾಮಾಗಿ ಎದ್ದು ತಿರುಗುತ್ತೆ.

ಮಂಡ್ಯ ಮಲ್ಟಿಮೀಟರ್

ಅಲ್ಲೇ ಸಿಕ್ಕಿಬಿತ್ತು ಸಾರ್, ಎಂಸಿಬಿ ಬದಲಾಯಿಸೋ ಮುಂಚೆ ಅದನ್ನ ಮಾಡಿ. ಪ್ರೆಶರ್ ಸ್ವಿಚ್ ಪಕ್ಕ ಸಣ್ಣ ಪೈಪು ಸೇರೋ ಜಾಗದಲ್ಲಿ ಅನ್‌ಲೋಡರ್ ವಾಲ್ವ್ ಅಂತ ಐತೆ. ಮೋಟರ್ ನಿಂತಾಗ ಪಿಸ್ಟನ್ ತಲೆ ಮೇಲಿನ ಗಾಳಿ ಬಿಡೋದು ಅದರ ಕೆಲ್ಸ. ಬಿಡ್ಲಿಲ್ಲ ಅಂದ್ರೆ ಮೋಟರ್ ಮತ್ತೆ ಏಳುವಾಗ ತುಂಬಿದ ಒತ್ತಡದ ಎದುರು ದಬ್ಬಬೇಕು. ಪ್ಲಗ್ ಕಿತ್ತು, ಟ್ಯಾಂಕ್ ಗಾಳಿ ಪೂರ್ತಿ ಬಿಟ್ಟು, ಪೈಪ್ ಬಿಚ್ಚಿ ವಾಲ್ವಿನ ಸೂಜಿ ಒತ್ತಿ ನೋಡಿ. ಜಿಡ್ಡು ಕಟ್ಟಿದ್ರೆ ಸೀಮೆಎಣ್ಣೇಲಿ ತೊಳೆದು ಒಣಗ್ಸಿ. ಮೋಟರ್ ನಿಂತಾಗ ಸ್ವಿಚ್ಚಿನ ತಗಡು ಆ ಸೂಜಿಗೆ ತಾಗ್ಬೇಕು, ಬಾಗಿದ್ರೆ ಒಂದೆರಡು ಎಂಎಂ ನೇರ ಮಾಡಿ. ಪುಸ್ಸ್ ಅಂತ ಕೇಳಿದ ಮೇಲೂ ಎಂಸಿಬಿ ಬಿದ್ರೆ ಮಾತ್ರ ಸಿ-16 ತನ್ನಿ.